ಭಂಗಿ, ಗಾಂಜಾ, ಸೊಪ್ಪು

ಬೆಂಗಳೂರು, ಮೈಸೂರು ಕಡೆ ಗಾಂಜಾ ಸೇದುವ ಹುಡುಗರು ಅದನ್ನು ಗಾಂಜಾ ಅನ್ನುವುದು ಕಡಿಮೆ. ಅವರ ಬಾಯಲ್ಲಿ ಅದು ‘ಸೊಪ್ಪು’. ದಂಟು, ಮೆಂತ್ಯ, ಸಬ್ಬಸಿಗೆಯ ಸಾಲಿಗೆ ಸೇರಿದ ಮೇಲೆ ಯಾವ ಗಿಡವೂ ಭಯ ಹುಟ್ಟಿಸುವುದಿಲ್ಲ. ಅರಬ್ಬರ ‘ಹಶೀಶ್’ಗೂ ಮೂಲದಲ್ಲಿ ಒಣಹುಲ್ಲು ಎಂದಷ್ಟೇ ಅರ್ಥ, ಇಂಗ್ಲಿಷಿನವರು ‘ಗ್ರಾಸ್’ ಎಂದರು, ‘ವೀಡ್’ ಎಂದರು. ಮಗನ ಬ್ಯಾಗಿನಲ್ಲಿ ಪೊಟ್ಟಣ ಸಿಕ್ಕಿ ಕಂಗಾಲಾದ ತಾಯಿಗೆ ಸಿಗುವ ಉತ್ತರವೂ ಈ ಪದವನ್ನೇ ಹಿಡಿದುಕೊಂಡು ಬರುತ್ತದೆ: “ಸೊಪ್ಪು ಕಣಮ್ಮಾ, ಗಿಡದ್ದು. ಸಿಗರೇಟಿಗಿಂತ ಎಷ್ಟೋ ವಾಸಿ.” ಪೊಲೀಸರ ಕೈಗೆ ಸಿಕ್ಕರೆ ಅದೇ ಪೊಟ್ಟಣ ಮಾರನೆಯ ದಿನದ ಪತ್ರಿಕೆಯಲ್ಲಿ ‘ಮಾದಕ ವಸ್ತು’. ಇದರಿಂದ ಆರೋಗ್ಯ ಕೆಡುತ್ತದೆಯೇ ಎಂದು ಕೇಳಿದರೆ ಒಬ್ಬರು ನಗುತ್ತಾರೆ, ಇನ್ನೊಬ್ಬರು ಹೌಹಾರುತ್ತಾರೆ. ಇಬ್ಬರ ಉತ್ತರವೂ ಹೆಸರಿಗೆ ಸಲ್ಲುತ್ತದೆಯೇ ಹೊರತು ಪೊಟ್ಟಣದೊಳಗೆ ಇರುವುದಕ್ಕೆ ಸಲ್ಲುವುದಿಲ್ಲ. ಈ ಹೆಸರುಗಳು ಎಲ್ಲಿಂದ ಬಂದವು, ಒಂದೊಂದೂ ಗಿಡದ ಯಾವ ಭಾಗವನ್ನು ಸೂಚಿಸುತ್ತಿತ್ತು ಎಂದು ನೋಡಬೇಕೆನಿಸುವುದು ಅದಕ್ಕೇ.

‘ಭಂಗಾ’ ತೀರಾ ಹಳೆಯ ಪದ. ಅಥರ್ವವೇದದ ಒಂದು ಸೂಕ್ತದಲ್ಲಿ, ಸೋಮನನ್ನು ಮುಂದಿಟ್ಟುಕೊಂಡ ಗಿಡಗಳ ಗುಂಪಿನಲ್ಲಿ, ದರ್ಭೆ ಮತ್ತು ಜವೆಯ ಜೊತೆ ಭಂಗವೂ ಬರುತ್ತದೆ. ನಮ್ಮನ್ನು ಸಂಕಟದಿಂದ ಬಿಡಿಸಿ ಎಂದು ಕೇಳಿಕೊಳ್ಳುವ ಸಂದರ್ಭ ಅದು. ಅಮಲಿನ ಮಾತು ಅಲ್ಲಿಲ್ಲ. ಪಾಣಿನಿಯಲ್ಲಿ ಸಿಗುವ ಉಲ್ಲೇಖ ನನಗೆ ಇನ್ನೂ ಇಷ್ಟ. ಎಳ್ಳು, ಉದ್ದು, ಅಗಸೆ ಬೆಳೆಯುವ ಹೊಲಗಳನ್ನು ಏನೆಂದು ಕರೆಯಬೇಕು ಎಂದು ಹೇಳುವ ಸೂತ್ರದಲ್ಲಿ ಅವನು ಭಂಗಾ ಬೆಳೆಯುವ ಹೊಲವನ್ನೂ ಸೇರಿಸುತ್ತಾನೆ: ಅದು ‘ಭಂಗ್ಯ’ ಅಥವಾ ‘ಭಾಂಗೀನ’. ಎಳ್ಳು, ಅಗಸೆಗಳ ನೆರೆಯಲ್ಲಿ ನಿಂತ ಈ ಗಿಡ ಕಾಳಿಗೋ ನಾರಿಗೋ ಬಿತ್ತುವ ಬೆಳೆಯಾಗಿಯೇ ಕಾಣುತ್ತದೆ. ಗ್ರೀಕರ ‘ಕನ್ನಾಬಿಸ್’ ಕೂಡ ನಾರಿನ ದಾರಿಯಲ್ಲೇ ಬಹುದೂರ ನಡೆಯಿತು. ಚಿತ್ರ ಬಿಡಿಸುವ ಬಟ್ಟೆಗೆ ನಾವು ಹೇಳುವ ‘ಕ್ಯಾನ್ವಾಸ್’ ಆ ಪದದ ಮೊಮ್ಮಗ.

ಮದ್ದಿನ ಪೆಟ್ಟಿಗೆಗೆ ಭಂಗಾ ಬಂದದ್ದು ಮುಂದೆ. ಮಧ್ಯಯುಗದ ಶಾರ್ಙ್ಗಧರ ಸಂಹಿತೆ ಮದ್ದುಗಳನ್ನು ವಿಂಗಡಿಸುವಾಗ ಭಂಗಾ ಮತ್ತು ಅಫೀಮನ್ನು ‘ವ್ಯವಾಯಿ’ ಎಂಬ ಗುಂಪಿಗೆ ಹಾಕುತ್ತದೆ. ಅಂದರೆ ಮೊದಲು ಮೈಯೆಲ್ಲ ಹರಡಿ, ಆಮೇಲೆ ಜೀರ್ಣವಾಗುವುದು. ಹೊಟ್ಟೆಗೆ ಹೋದ ಅನ್ನದ ಹಾಗೆ ಇದು ನಡೆದುಕೊಳ್ಳುವುದಿಲ್ಲ ಎಂದು ಆ ವೈದ್ಯರು ಗಮನಿಸಿದ್ದರು. 16ನೇ ಶತಮಾನದ ಭಾವಪ್ರಕಾಶದಲ್ಲಿ ಭಂಗಾ, ಗಂಜಾ, ವಿಜಯಾ, ಮಾದಿನೀ ಎಲ್ಲ ಪರ್ಯಾಯ ಹೆಸರುಗಳಾಗಿ ಸಾಲುಗಟ್ಟಿವೆ. ಹಸಿವೆ ಹೆಚ್ಚುತ್ತದೆ, ಮಾತು ಹೆಚ್ಚುತ್ತದೆ, ಮೋಹ ಕವಿಯುತ್ತದೆ ಎಂಬ ವಿವರವೂ ಇದೆ. ಹಸಿವೆ ಹೆಚ್ಚಿಸುವುದನ್ನು ಗುಣವೆಂದೂ ಮೋಹ ಕವಿಸುವುದನ್ನು ದೋಷವೆಂದೂ ಆ ಗ್ರಂಥ ಬೇರೆ ಮಾಡಲಿಲ್ಲ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿತು. ಇಂದಿನ ವಾದಗಳಲ್ಲಿ ಕಾಣದ ಪ್ರಾಮಾಣಿಕತೆ ಅದು. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1563ರಲ್ಲಿ, ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟ ತನ್ನ ಪುಸ್ತಕದಲ್ಲಿ ‘ಬಾಂಗೆ’ಯ ಬಗ್ಗೆ ಒಂದು ಸಂವಾದವನ್ನೇ ಬರೆದ. ರಾತ್ರಿ ಪೋರ್ಚುಗಲ್ಲಿಗೋ ತುರ್ಕಿಗೋ ಹೋಗಿಬರಬೇಕೆನಿಸಿದರೆ ತನಗೆ ತುಸು ಬಾಂಗೆ ಸಾಕು ಎಂದು ಗುಜರಾತಿನ ಸುಲ್ತಾನ ಬಹಾದೂರ್ ಹೇಳಿದನೆಂಬ ಕಥೆ ಅದರಲ್ಲಿದೆ.

ಕನ್ನಡಕ್ಕೆ ಭಂಗಾ ‘ಭಂಗಿ’ಯಾಗಿ ಬಂತು. ನಿಲುವು, ವರಸೆ ಎಂಬ ಅರ್ಥದ ಭಂಗಿಯೂ ಇದೂ ಬರಹದಲ್ಲಿ ಒಂದೇ ಆದರೂ ಓದುವವರಿಗೆ ಗೊಂದಲವಾಗುವುದಿಲ್ಲ. ಇದರ ಹಿಂದೆ ಮುಂದೆ ಸೊಪ್ಪೋ ಚಿಲುಮೆಯೋ ಸಾಧುವೋ ಇದ್ದೇ ಇರುತ್ತಾರೆ. ‘ಗಾಂಜಾ’ ಅದರ ಜೊತೆಗೇ ಉಳಿಯಿತು. (ಕಲಬುರಗಿ, ರಾಯಚೂರು ಕಡೆ ಕಾಳುಕಡ್ಡಿಯ ಮಾರುಕಟ್ಟೆಗೆ ‘ಗಂಜ್’ ಎನ್ನುತ್ತಾರಲ್ಲ, ಅದು ಭಂಡಾರ ಎಂಬ ಅರ್ಥದ ಪಾರಸಿ ಪದ, ದನಿ ಹತ್ತಿರ, ನಂಟು ದೂರ.) ಇಂದು ಪದಗಳೆಲ್ಲ ಕಲಸಿಹೋಗಿದ್ದರೂ ಬೆಳೆಯುವವರಿಗೂ ಅಬಕಾರಿಯವರಿಗೂ ಅವು ಬೇರೆ ಬೇರೆ. ಎಲೆ ಭಂಗಿ, ಹೆಣ್ಣುಗಿಡದ ಹೂತೆನೆ ಗಾಂಜಾ, ಅಂಟು ಚರಸ್. ಅಮಲಿನ ಬಲವೂ ಅದೇ ಕ್ರಮದಲ್ಲಿ ಏರುತ್ತದೆ.

ಗಾಂಜಾ ಎಂಬ ಪದದೊಳಗೆ ಎಷ್ಟು ಕಸುಬು ಅಡಗಿದೆ ಎಂದು ತಿಳಿಯಲು ಹಳೆಯ ಬಂಗಾಳದ ನೌಗಾಂವ್‌ಗೆ ಹೋಗಬೇಕು. ಇಂದು ಅದು ಬಾಂಗ್ಲಾದೇಶದಲ್ಲಿದೆ. ಬ್ರಿಟಿಷರ ಕಾಲದಲ್ಲಿ ಸರ್ಕಾರದ ಪರವಾನಗಿ ಪಡೆದೇ ಅಲ್ಲಿ ಗಾಂಜಾ ಬೆಳೆಯುತ್ತಿದ್ದರು. ಗಿಡಗಳು ಹೂಬಿಡುವ ಹೊತ್ತಿಗೆ ರೈತರು ‘ಪೋದ್ದಾರ’ ಎಂಬ ಪರಿಣತನನ್ನು ಕೂಲಿ ಕೊಟ್ಟು ಕರೆಸುತ್ತಿದ್ದರು. ಅವನು ಸಾಲುಗಳ ನಡುವೆ ನಡೆಯುತ್ತಾ, ಎಳೆಯ ಮೊಗ್ಗನ್ನು ನೋಡಿಯೇ ಗಂಡುಗಿಡ ಯಾವುದೆಂದು ಗುರುತಿಸಿ, ಮುರಿದು ಹಾಕುತ್ತಾ ಹೋಗುವನು. ಗಂಡುಗಿಡ ಉಳಿದು ಪರಾಗ ಹಾರಿದರೆ ಹೆಣ್ಣುಹೂವು ಬೀಜ ಕಟ್ಟುತ್ತದೆ. ಪರಾಗ ಸಿಗದ ಹೂವು ಬೀಜಕ್ಕೆ ಹಾಕಬೇಕಾದ ಶಕ್ತಿಯನ್ನೆಲ್ಲ ಅಂಟಿಗೆ ಹಾಕಿ ದಪ್ಪಗೆ ಜಿಗುಟಾಗುತ್ತದೆ. ಕೊಯ್ದ ತೆನೆಯನ್ನು ಕಾಲಿನಿಂದ ತುಳಿದು ಒತ್ತಿದರೆ ಚಪ್ಪಟೆ ಗಾಂಜಾ, ಉರುಟಾಗಿ ಹೊಸೆದರೆ ಗೋಲ್ ಗಾಂಜಾ, ಉದುರಿದ್ದು ಚೂರ್. ಬಿತ್ತನೆಯಿಂದ ತುಳಿತದವರೆಗೆ ಇಷ್ಟು ಕೈಗಳು ದುಡಿದು ಬಲ ತುಂಬಿದ ವಸ್ತುವನ್ನು ‘ತಾನೇ ಬೆಳೆದ ಸೊಪ್ಪು’ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಈ ವಿವರಗಳನ್ನೆಲ್ಲ ದಾಖಲಿಸಿದ್ದು ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್. ಭಾರತದಲ್ಲಿ ಗಾಂಜಾದಿಂದ ಜನ ಹುಚ್ಚರಾಗುತ್ತಿದ್ದಾರೆಂಬ ದೂರು ಬ್ರಿಟಿಷ್ ಸಂಸತ್ತಿಗೆ ಹೋಗಿ, 1893ರಲ್ಲಿ ಆಯೋಗ ನೇಮಕವಾಯಿತು. 1,193 ಸಾಕ್ಷಿಗಳನ್ನು ವಿಚಾರಿಸಿ 1894ರಲ್ಲಿ ಅದು ವರದಿ ಕೊಟ್ಟಿತು. ಅದು ಮಾಡಿದ ದೊಡ್ಡ ಕೆಲಸ ಹುಚ್ಚಾಸ್ಪತ್ರೆಗಳ ದಾಖಲೆ ತೆರೆದು ನೋಡಿದ್ದು. ರೋಗಿಯನ್ನು ಕರೆತಂದ ಪೊಲೀಸರು ತುಂಬುವ ಪತ್ರದಲ್ಲಿ ‘ಹುಚ್ಚಿಗೆ ಕಾರಣ’ ಎಂಬ ಕಲಂ ಇತ್ತು. ಬೀದಿಯಲ್ಲಿ ಸಿಕ್ಕ ಊರು-ಕೇರಿ ಗೊತ್ತಿಲ್ಲದ ಮನುಷ್ಯನ ಕಾರಣ ಯಾರಿಗೆ ಗೊತ್ತು? ಕಲಂ ಖಾಲಿ ಬಿಡುವಂತಿಲ್ಲ; ‘ಗಾಂಜಾ’ ಎಂದು ಬರೆದರೆ ಕೆಲಸ ಮುಗಿಯಿತು. ಆಸ್ಪತ್ರೆಯವರು ಅದನ್ನೇ ನಕಲು ಮಾಡಿಕೊಂಡರು, ವರ್ಷದ ಕೊನೆಗೆ ಅದೇ ಅಂಕಿಅಂಶವಾಯಿತು. ಒಬ್ಬೊಬ್ಬರ ಪ್ರಕರಣವನ್ನೂ ಮತ್ತೆ ವಿಚಾರಿಸಿದಾಗ ಬಹುಪಾಲು ನಿಲ್ಲಲಿಲ್ಲ. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೆಡುಕಿಲ್ಲ, ಅತಿಯಾದರೆ ಕೆಡುಕು, ಮನಸ್ಸು ಮೊದಲೇ ದುರ್ಬಲವಾಗಿದ್ದವರಲ್ಲಿ ಅದು ಹುಚ್ಚಿಗೂ ದಾರಿಯಾಗಬಹುದು ಎಂದು ಆಯೋಗ ತೀರ್ಮಾನಿಸಿತು.

ಗಾಂಜಾ ನಿರಪಾಯಕಾರಿ ಎನ್ನುವವರು ಇಂದಿಗೂ ಈ ವರದಿಯನ್ನು ಎತ್ತಿ ಹಿಡಿಯುತ್ತಾರೆ, ಅದರ ಮೊದಲ ಭಾಗವನ್ನು ಮಾತ್ರ. ಆಯೋಗದ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಗಾಂಜಾದೊಳಗಿನ ಅಮಲಿನ ವಸ್ತು ಯಾವುದೆಂದೇ ಆಗ ತಿಳಿದಿರಲಿಲ್ಲ. ಸಾವಿರಾರು ಹುಡುಗರನ್ನು ಹದಿನೆಂಟರಿಂದ ಮೂವತ್ತರವರೆಗೆ ಹಿಂಬಾಲಿಸಿ ನೋಡುವ ವಿಧಾನವೂ ಇರಲಿಲ್ಲ.

ಪದ ಅಷ್ಟರಲ್ಲಿ ಕಡಲು ದಾಟಿತ್ತು. 1845ರಿಂದ ಕಬ್ಬಿನ ತೋಟಗಳ ಕೂಲಿಗೆಂದು ಜಮೈಕಾಕ್ಕೆ ಹೋದ ಭಾರತೀಯರ ಜೊತೆ ‘ಗಾಂಜಾ’ ಅಲ್ಲಿ ಇಳಿಯಿತು; ಆ ದ್ವೀಪದಲ್ಲಿ ಇಂದಿಗೂ ಅದೇ ಹೆಸರು. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ಅದು ‘ಬಾಂಗಿ’. ಅಮೆರಿಕದ ಕಥೆ ಬೇರೆ. ಅಲ್ಲಿನ ವೈದ್ಯರಿಗೆ ‘ಕ್ಯಾನಬಿಸ್’ ಔಷಧದ ಅಂಗಡಿಯ ಪರಿಚಿತ ಹೆಸರಾಗಿತ್ತು. 1937ರಲ್ಲಿ ಅದನ್ನು ಹತ್ತಿಕ್ಕಲು ತಂದ ಕಾನೂನು ಮೆಕ್ಸಿಕೋದಿಂದ ಬಂದ ‘ಮರಿಹ್ವಾನಾ’ ಎಂಬ ಹೆಸರು ಹೊತ್ತಿತ್ತು. ಆ ಮಸೂದೆ ತಮ್ಮ ಕ್ಯಾನಬಿಸ್‌ಗೇ ಸಂಬಂಧಿಸಿದ್ದು ಎಂದು ವೈದ್ಯರಿಗೆ ತಿಳಿದದ್ದು ತೀರಾ ತಡವಾಗಿ ಎಂದು ಅಲ್ಲಿನ ವೈದ್ಯಕೀಯ ಸಂಘದ ಪ್ರತಿನಿಧಿ ವಿಲಿಯಂ ವುಡ್‌ವರ್ಡ್ ವಿಚಾರಣೆಯಲ್ಲಿ ಆಕ್ಷೇಪಿಸಿದರು.

1964ರಲ್ಲಿ ಇಸ್ರೇಲಿನ ರಾಫೆಲ್ ಮೆಕೂಲಂ ಮತ್ತು ಯೆಹಿಯೆಲ್ ಗವೋನಿ ಅಮಲಿನ ಮುಖ್ಯ ವಸ್ತು ಟಿಎಚ್‌ಸಿಯನ್ನು ಬೇರ್ಪಡಿಸಿದರು. ಮೆದುಳಿನಲ್ಲಿ ಅದು ಕೂರುವ ಜಾಗ 1980ರ ದಶಕದ ಕೊನೆಯಲ್ಲಿ ಪತ್ತೆಯಾಯಿತು. ಆ ಜಾಗ ಗಾಂಜಾಕ್ಕಾಗಿ ಕಾದು ಕುಳಿತದ್ದೇನಲ್ಲ. ನಮ್ಮ ದೇಹವೇ ತಯಾರಿಸುವ ಒಂದು ವಸ್ತು ಅಲ್ಲಿ ಕೆಲಸ ಮಾಡುತ್ತದೆ. 1992ರಲ್ಲಿ ಅದನ್ನು ಕಂಡುಹಿಡಿದವರು ಸಂಸ್ಕೃತದ ಆನಂದವನ್ನು ಮುಂದಿಟ್ಟು ‘ಆನಂದಮೈಡ್’ ಎಂದು ಹೆಸರಿಟ್ಟರು. ಹೆಸರು ಚೆಂದವಾಗಿದೆ, ಆದರೆ ಆನಂದ ಅದರ ಒಂದು ಕೆಲಸ ಮಾತ್ರ. ನೆನಪು, ಹಸಿವೆ, ನೋವು, ನಿದ್ದೆ, ಹರೆಯದ ಮೆದುಳಿನ ಬೆಳವಣಿಗೆ ಎಲ್ಲಕ್ಕೂ ಆ ವ್ಯವಸ್ಥೆ ಬೇಕು. ದೇಹ ಬೇಕಾದಾಗ ಬೇಕಾದಷ್ಟೇ ಬಿಡುವ ವಸ್ತುವಿನ ಜಾಗದಲ್ಲಿ ಹೊರಗಿನದು ದಿನವೂ ಬಂದು ಗಂಟೆಗಟ್ಟಲೆ ಕೂತರೆ ತೊಂದರೆ ಶುರುವಾಗುತ್ತದೆ.

ಸೇದಿದರೆ ಟಿಎಚ್‌ಸಿ ಕೆಲವೇ ನಿಮಿಷಗಳಲ್ಲಿ ಮೆದುಳು ಮುಟ್ಟುತ್ತದೆ. ಭಂಗಿಯಾಗಿ ಕುಡಿದರೆ, ತಿಂದರೆ, ಒಂದೆರಡು ಗಂಟೆ ಏನೂ ಆಗದಂತಿದ್ದು ಆಮೇಲೆ ಏರಿ ಬಹಳ ಹೊತ್ತು ಇಳಿಯುವುದಿಲ್ಲ. ಹೋಳಿ, ಶಿವರಾತ್ರಿಯ ದಿನ ‘ಏನೂ ಆಗಲಿಲ್ಲವಲ್ಲ’ ಎಂದು ಎರಡನೇ ಲೋಟ ಎತ್ತಿದವರು ಆಸ್ಪತ್ರೆ ಸೇರುವುದು ಇದರಿಂದಲೇ. ಅಫೀಮಿನ ಹಾಗೆ ಇದು ಉಸಿರು ನಿಲ್ಲಿಸುವುದಿಲ್ಲ ಎಂಬುದು ನಿಜ. ಎದೆಬಡಿತ ಏರಿಸುವುದೂ ನಿಜ. ಹೃದಯದ ತೊಂದರೆ ಇರುವವರಿಗೆ ಅದು ಸಣ್ಣ ಮಾತಲ್ಲ. ವರ್ಷಗಟ್ಟಲೆ ದಿನವೂ ಸೇದುವವರಲ್ಲಿ ಕೆಲವರಿಗೆ ಬಿಡದೆ ವಾಂತಿ ಹಿಡಿಯುತ್ತದೆ, ಬಿಸಿನೀರು ಸುರಿದುಕೊಂಡರೆ ಮಾತ್ರ ತುಸು ತಗ್ಗುತ್ತದೆ. ಬಳಸಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಚಟಕ್ಕೆ ಬೀಳುತ್ತಾರೆ. ಹರೆಯದಲ್ಲೇ ಶುರು ಮಾಡಿದರೆ ಆರರಲ್ಲಿ ಒಬ್ಬರು.

ಮನಸ್ಸಿನ ವಿಷಯದಲ್ಲಿ ಸ್ವೀಡನ್ನಿನ ಅಧ್ಯಯನ ದಾರಿ ತೋರಿತು. ಸೇನಾ ತರಬೇತಿಗೆ ಬಂದ 45,570 ಯುವಕರನ್ನು 15 ವರ್ಷ ಹಿಂಬಾಲಿಸಿ 1987ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಐವತ್ತಕ್ಕೂ ಹೆಚ್ಚು ಬಾರಿ ಬಳಸಿದ್ದವರಲ್ಲಿ ಸ್ಕಿಜೋಫ್ರೇನಿಯಾ ಆರು ಪಟ್ಟು. ಬೇರೆ ಕಾರಣಗಳನ್ನು ಕಳೆದಾಗ ಆ ಪಟ್ಟು ಇಳಿಯಿತು, ಅಳಿಯಲಿಲ್ಲ. 2019ರಲ್ಲಿ ಯೂರೋಪಿನ ಹಲವು ನಗರಗಳು ಮತ್ತು ಬ್ರೆಜಿಲ್ ಸೇರಿದ ಇನ್ನೊಂದು ಅಧ್ಯಯನ ಗಾಂಜಾದ ಬಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಶೇ. 10ಕ್ಕಿಂತ ಹೆಚ್ಚು ಟಿಎಚ್‌ಸಿ ಇರುವುದನ್ನು ದಿನವೂ ಬಳಸುವವರಲ್ಲಿ ತೀವ್ರ ಮನೋವಿಕಾರದ ಸಂಭವ, ಎಂದೂ ಬಳಸದವರಿಗಿಂತ ಸುಮಾರು ಐದು ಪಟ್ಟು ಕಂಡಿತು. ಸೇದಿದ ಬಹುಪಾಲು ಜನರಿಗೆ ಈ ಕಾಯಿಲೆ ಬರುವುದಿಲ್ಲ, ಸರಿ. ಆದರೆ ಮನೆತನದಲ್ಲಿ ಅಂಥ ಕಾಯಿಲೆ ಇರುವ ಹದಿನಾರರ ಹುಡುಗನ ಮುಂದೆ ‘ಬರೀ ಸೊಪ್ಪು’ ಎಂದು ಪೊಟ್ಟಣ ಚಾಚುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಅದೇ ಗಿಡದ ಸಿಬಿಡಿ ಎಂಬ ಇನ್ನೊಂದು ವಸ್ತು ಮಕ್ಕಳ ಕೆಲವು ಕಠಿಣ ಅಪಸ್ಮಾರಗಳಿಗೆ ಔಷಧವಾಗಿ 2018ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಅದಕ್ಕೆ ಅಮಲಿಲ್ಲ, ಅಳತೆಯಿದೆ, ವೈದ್ಯರ ಚೀಟಿಯಿದೆ. ಚಿಲುಮೆಗೆ ಅದು ಸಮರ್ಥನೆಯಾಗದು.

ಮಾದಕ ವಸ್ತುಗಳನ್ನು ನಿಯಂತ್ರಿಸುವ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಹಳೆಯ ಹೊಲದ ವಿಂಗಡಣೆಯನ್ನೇ ಉಳಿಸಿಕೊಂಡಿದೆ. ಅದರ ಪ್ರಕಾರ ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತುದಿಗಳು; ತುದಿಯ ಜೊತೆಗಿಲ್ಲದ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಪ್ರಕರಣದಲ್ಲಿ, ಭಾಂಗ್ ಈ ಕಾಯ್ದೆಯಡಿ ನಿಷೇಧಿತ ವಸ್ತು ಎಂದು ತೋರಿಸಲಾಗಿಲ್ಲ ಎಂದದ್ದು ಈ ವ್ಯಾಖ್ಯೆಯ ಆಧಾರದ ಮೇಲೆಯೇ. ಕಾನೂನಿನಲ್ಲಿ ಬಿಟ್ಟದ್ದು ಮೈಗೆ ಒಳ್ಳೆಯದು ಎಂದು ಅದನ್ನು ಓದಿಕೊಳ್ಳುವುದು ತಪ್ಪು. ಎಲೆಯಲ್ಲೂ ಟಿಎಚ್‌ಸಿ ಇದೆ, ಕಡಿಮೆ ಇದೆ.

ಪದದ ಇತ್ತೀಚಿನ ರೂಪ ‘ಹೈಡ್ರೋ ಗಾಂಜಾ’. ಬ್ಯಾಂಕಾಕಿನಿಂದ ಬಂದವರ ಸೂಟ್‌ಕೇಸುಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕಿತೆಂದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವುದು ಇದೇ. ಮಣ್ಣಿಲ್ಲದೆ, ನೀರಿಗೆ ಪೋಷಕಾಂಶ ಬೆರೆಸಿ, ದೀಪದ ಬೆಳಕಿನಲ್ಲಿ ಕೋಣೆಯೊಳಗೆ ಬೆಳೆದ ಹೆಣ್ಣುಗಿಡಗಳ ತೆನೆ ಅದು. ಅಮೆರಿಕದಲ್ಲಿ ಪೊಲೀಸರು ವಶಪಡಿಸಿಕೊಂಡ ಗಾಂಜಾದಲ್ಲಿ 1995ರ ಸುಮಾರಿಗೆ ಸರಾಸರಿ ಶೇ. 4ರಷ್ಟಿದ್ದ ಟಿಎಚ್‌ಸಿ 2014ರ ಹೊತ್ತಿಗೆ ಶೇ. 12ಕ್ಕೆ ಏರಿತ್ತು, ಕೋಣೆಯೊಳಗೆ ಹೀಗೆ ಬೆಳೆದ ಮಾಲು ಸಾಮಾನ್ಯವಾಗಿ ಅದನ್ನೂ ದಾಟುತ್ತದೆ. ಹೈಡ್ರೋ ಸೇದಿ ನಿದ್ದೆಗೆಟ್ಟು, ಯಾರೋ ತನ್ನ ಬೆನ್ನುಹತ್ತಿದ್ದಾರೆ ಎನ್ನುತ್ತಾ ಬರುವ ಹುಡುಗನ ಬಗ್ಗೆ ವೈದ್ಯರಿಗೆ ‘ಗಾಂಜಾ ತಗೋತಾನೆ’ ಎಂದಷ್ಟೇ ಹೇಳಿದರೆ ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಪೊಲೀಸರ ಕಲಂ ತುಂಬಿದಷ್ಟೇ ಆಯಿತು. ಎಲೆಯೋ ತೆನೆಯೋ ಹೈಡ್ರೋವೋ, ಸೇದಿದ್ದೋ ತಿಂದದ್ದೋ, ವಾರಕ್ಕೊಮ್ಮೆಯೋ ದಿನವೂ ಹಲವು ಸಲವೋ, ಯಾವ ವಯಸ್ಸಿನಿಂದ, ಮನೆಯಲ್ಲಿ ಅಜ್ಜನಿಗೋ ಸೋದರಮಾವನಿಗೋ ಮನಸ್ಸಿನ ಕಾಯಿಲೆ ಇತ್ತೇ — ಚಿಕಿತ್ಸೆ ಶುರುವಾಗುವುದು ಇಷ್ಟೂ ಗೊತ್ತಾದ ಮೇಲೆ.