ಸಾವಿರ ಒಕ್ಕಲಿನ ಊರಿನಲ್ಲಿ ಮತಯಾಚನೆಯ ಕಟ್ಟಳೆ

ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಯಲ್ಲಿ ಊರಿನ ಕಾರ್ಯವನ್ನು ಊರಿನವರೇ ನಡೆಸಿಕೊಂಡು ಬಂದದ್ದಕ್ಕೆ ಎಂಟುನೂರು ವರ್ಷಗಳ ಲಿಖಿತ ಆಧಾರವಿದ್ದರೂ, ಆ ಕಾರ್ಯಕ್ಕೆ ಆಯ್ಕೆಯಾಗಬಯಸುವವರು ಮತದಾರರ ಬಳಿ ಹೇಗೆ ಹೋಗಬೇಕು, ಏನನ್ನು ಹೇಳಬಾರದು, ಯಾವ ಗುರುತನ್ನು ಹಿಡಿಯಬಾರದು ಎಂಬ ಕಟ್ಟಳೆಗಳೆಲ್ಲ ಹೆಚ್ಚು ಕಡಿಮೆ ಕಳೆದ ಒಂದು ಶತಮಾನದವು. ಮತ ಕೇಳುವ ಪ್ರಸಂಗವೇ ಇಲ್ಲದ ಕಾಲದಲ್ಲಿ ಕೇಳುವ ಬಗೆಗೆ ನಿಯಮ ಬೇಕಾಗಿರಲಿಲ್ಲ.

ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದಲ್ಲಿ, 1220ರಲ್ಲಿ, ದಂಡನಾಯಕ ರೇಚರಸ ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದಾಗ, ಅದರ ರಕ್ಷಣೆಯ ಹೊಣೆ ಹೊತ್ತವರೆಂದು ಶಾಸನ ಹೇಳುವುದು ಊರಿನ ಸಾವಿರ ಒಕ್ಕಲನ್ನು, ಅಂದರೆ ಮನೆವಾರ್ತೆ ನಡೆಸುವ ಕುಟುಂಬಗಳ ಸಮೂಹವನ್ನು. ಅಗ್ರಹಾರಗಳಲ್ಲಿ ಈ ಸ್ಥಾನ ಮಹಾಜನರದು. ದತ್ತಿಯಾಗಿ ಬಂದ ಊರಿನ ಆದಾಯದಲ್ಲಿ ವೃತ್ತಿ ಎಂಬ ಪಾಲುಳ್ಳ ಬ್ರಾಹ್ಮಣ ಮನೆತನಗಳನ್ನು ಹಾಗೆ ಕರೆಯುತ್ತಿದ್ದರು. ನಾಡಿನ ಮಟ್ಟದಲ್ಲಿ ಗಾವುಂಡರು, ಪೇಟೆಯಲ್ಲಿ ಪಟ್ಟಣಸ್ವಾಮಿ. ಇವರಲ್ಲಿ ಹೆಚ್ಚಿನವರ ಅಧಿಕಾರ ಹುಟ್ಟಿನಿಂದ, ಭೂಮಿಯಿಂದ ಅಥವಾ ಅರಸನ ಮನ್ನಣೆಯಿಂದ ಬಂದದ್ದಾದ್ದರಿಂದ ಒಬ್ಬರ ಮನೆ ಬಾಗಿಲಿಗೆ ಹೋಗಿ ಕೈ ಮುಗಿಯುವ ಅಗತ್ಯ ಬೀಳುತ್ತಿರಲಿಲ್ಲ.

ಆಯ್ಕೆ ಎಂಬುದಿದ್ದೂ ಪ್ರಚಾರಕ್ಕೆ ಎಡೆಯಿಲ್ಲದ ಇನ್ನೊಂದು ದಾರಿಯನ್ನು ಚೋಳರ ನಾಡು ಕಂಡುಕೊಂಡಿತ್ತು. ಇಂದಿನ ತಮಿಳುನಾಡಿನ ಉತ್ತರಮೇರೂರಿನಲ್ಲಿ ಮೊದಲನೆಯ ಪರಾಂತಕನ ಕಾಲದ, 919 ಮತ್ತು 921ರ ಶಾಸನಗಳ ಪ್ರಕಾರ ಮೂವತ್ತು ಕೇರಿಗಳಿಂದ ಅರ್ಹರ ಹೆಸರುಗಳನ್ನು ಓಲೆಯ ಮೇಲೆ ಬರೆದು ಕೊಡದೊಳಗೆ ಹಾಕಿ, ತುಂಬಿದ ಸಭೆಯಲ್ಲಿ ಒಬ್ಬ ಬಾಲಕನ ಕೈಯಿಂದ ಎತ್ತಿಸುತ್ತಿದ್ದರು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವರಿಗೂ ಅವರ ಹತ್ತಿರದ ನೆಂಟರಿಗೂ ಓಲೆ ಬರೆಯುವಂತಿರಲಿಲ್ಲ. ಚೀಟಿ ಎತ್ತುವ ಮಗುವನ್ನು ಓಲೈಸಿ ಪ್ರಯೋಜನವಿಲ್ಲವಷ್ಟೆ. ಇಲ್ಲಿನ ನಿಯಮಗಳೆಲ್ಲ ಅರ್ಹತೆಯನ್ನು ಕುರಿತವು.

ಮೈಸೂರು ಸಂಸ್ಥಾನದಲ್ಲಿ ದಿವಾನ ರಂಗಾಚಾರ್ಲು 1881ರಲ್ಲಿ ಕರೆದ ಪ್ರಜಾಪ್ರತಿನಿಧಿ ಸಭೆಯ 144 ಮಂದಿ ಚುನಾಯಿತರಲ್ಲ, ಕರೆಸಿಕೊಂಡವರು. 1891ರಲ್ಲಿ ಚುನಾವಣೆ ಬಂದರೂ ಮತದ ಹಕ್ಕು ಕಂದಾಯ ಕಟ್ಟುವ ಅನುಕೂಲಸ್ಥರಿಗೆ, ಪದವೀಧರರಿಗೆ ಸೀಮಿತವಾಗಿತ್ತು. ಪರಸ್ಪರ ಪರಿಚಯವಿದ್ದ ಆ ಸಣ್ಣ ವಲಯದಲ್ಲಿ ಶಿಫಾರಸಿನ ಮಾತೇ ಪ್ರಚಾರ. ಎಲ್ಲ ವಯಸ್ಕರಿಗೂ ಓಟು ದೊರೆತ ಮೇಲೆ ಲೆಕ್ಕ ಬದಲಾಯಿತು. ಮೈಸೂರಿನ ಬಳಿಯ ಹಳ್ಳಿಯೊಂದನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1950ರ ದಶಕದಲ್ಲಿ ‘ವೋಟ್ ಬ್ಯಾಂಕ್’ ಎಂದು ಕರೆದದ್ದು ಈ ಸನ್ನಿವೇಶವನ್ನೇ: ಊರಿನ ದೊಡ್ಡ ಮನೆಯ ಯಜಮಾನನನ್ನು ಒಲಿಸಿಕೊಂಡರೆ ಅವನ ಆಶ್ರಯದಲ್ಲಿರುವವರ ಓಟುಗಳು ಒಟ್ಟಾಗಿ ಬೀಳುತ್ತಿದ್ದವು.

1951ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಶಾಸನಸಭೆ, ಸಂಸತ್ತುಗಳಿಗೆ ಸಂಬಂಧಿಸಿದ್ದಾದರೂ ಪಂಚಾಯತಿ ಕಾನೂನುಗಳಿಗೂ ಮಾದರಿಯಾಯಿತು. ಲಂಚ, ಜಾತಿ ಧರ್ಮಗಳ ಹೆಸರಿನ ಯಾಚನೆ, ಮತಗಟ್ಟೆಯ ನೂರು ಮೀಟರಿನೊಳಗಿನ ಪ್ರಚಾರ ಮೊದಲಾದ ಅದರ ನಿಷೇಧಗಳಲ್ಲಿ ಗ್ರಾಮಜೀವನದ ಒಳಹೊಕ್ಕು ನೋಡಿದ ಷರತ್ತು ಒಂದೇ. ಇಂಥವರಿಗೆ ಮತ ಹಾಕದಿದ್ದರೆ ದೈವಕೋಪಕ್ಕೆ ಗುರಿಯಾಗುತ್ತೀರಿ ಎಂದು ಮತದಾರರನ್ನು ನಂಬಿಸುವುದು ಭ್ರಷ್ಟ ಆಚರಣೆ, ಅಂದರೆ ಗೆಲುವನ್ನೇ ಅಸಿಂಧುಗೊಳಿಸಬಲ್ಲ ಅಪರಾಧ. ಕಾಯ್ದೆಯ ಭಾಷೆಯಲ್ಲಿ ಅಮೂರ್ತವಾಗಿ ಕಾಣುವ ಈ ಮಾತು ಹಳ್ಳಿಯಲ್ಲಿ ತೀರ ಮೂರ್ತವಾದದ್ದು. ಮತದಾನದ ಹಿಂದಿನ ರಾತ್ರಿ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಮನೆದೇವರ ಪಟ ಇಟ್ಟು, ಅದರ ಮೇಲೆ ಮನೆಯ ಹಿರಿಯರ ಕೈ ಇಡಿಸಿ ಭಾಷೆ ತೆಗೆದುಕೊಂಡರೆ, ಮತಪತ್ರದ ಗೌಪ್ಯವೆಲ್ಲ ಅಲ್ಲಿಗೆ ಮುಗಿದಂತೆಯೇ. ಕೊಟ್ಟ ಹಣ ಮರೆತುಹೋಗಬಹುದು, ಇಟ್ಟ ಆಣೆ ಮರೆಯುವುದಿಲ್ಲ. ಅದಕ್ಕಾಗಿಯೇ ಹಣಕ್ಕಿಂತ ಆಣೆಗೆ ಬೆಲೆ ಹೆಚ್ಚು. ಈ ವಿಚಾರದಲ್ಲಿ ದೂರು ಅಪರೂಪ, ಏಕೆಂದರೆ ದೂರುವವರೇ ಭಾಷೆ ಮುರಿದವರಾಗುತ್ತಾರೆ.

ಕಾಯ್ದೆಯಲ್ಲದ, ಪಕ್ಷಗಳ ಒಪ್ಪಿಗೆಯಿಂದ ಹುಟ್ಟಿದ ಮಾದರಿ ನೀತಿಸಂಹಿತೆಯದು ಬೇರೆ ಕಥೆ. 1960ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ ಮೊದಲು ರೂಪುಗೊಂಡ ಅದು ಸಭೆ, ಮೆರವಣಿಗೆ, ಧ್ವನಿವರ್ಧಕಗಳ ಶಿಸ್ತನ್ನು ಮುಖ್ಯವಾಗಿ ನೋಡುತ್ತದೆ, ದೇವಸ್ಥಾನ, ಮಸೀದಿ, ಚರ್ಚುಗಳನ್ನು ಪ್ರಚಾರದ ವೇದಿಕೆಯಾಗಿಸಬಾರದೆನ್ನುತ್ತದೆ. ಮೈಕು ಕಟ್ಟದೆ ನಡೆಯುವ ಪ್ರಚಾರದ ಮೇಲೆ ಅದರ ಹಿಡಿತ ಅಷ್ಟಕ್ಕಷ್ಟೆ.

ಕರ್ನಾಟಕದಲ್ಲಿ ನಿಜವಾದ ವಿವಾದ ಎದ್ದದ್ದು ಪಕ್ಷದ ಚಿಹ್ನೆಯನ್ನು ಕುರಿತು. ಪಕ್ಷಗಳು ಮರೆಯಲ್ಲಿ ನಿಂತು ಪಂಚಾಯತಿ ನಡೆಸುವುದಕ್ಕಿಂತ ಬಹಿರಂಗವಾಗಿ ಸ್ಪರ್ಧಿಸಲಿ ಎಂದು ಅಶೋಕ ಮೆಹ್ತಾ ಸಮಿತಿ 1978ರಲ್ಲಿ ಶಿಫಾರಸು ಮಾಡಿತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆ ಅದನ್ನು ಒಪ್ಪಿತು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತುಗಳಿಗೂ, ಹಲವು ಹಳ್ಳಿಗಳನ್ನು ಕೂಡಿಸಿ ರಚಿಸಿದ ಮಂಡಲ ಪಂಚಾಯತಿಗಳಿಗೂ ಪಕ್ಷದ ಗುರುತಿನ ಮೇಲೆಯೇ ಚುನಾವಣೆ ನಡೆಯಿತು. ಅಣ್ಣ ಒಂದು ಬಾವುಟ, ತಮ್ಮ ಇನ್ನೊಂದು ಬಾವುಟ ಹಿಡಿದರೆ ಊರು ಒಡೆಯುತ್ತದೆಂಬ ಆಕ್ಷೇಪಕ್ಕೆ ಮಣಿದು 1993ರ ಪಂಚಾಯತ್ ರಾಜ್ ಅಧಿನಿಯಮ ಗ್ರಾಮ ಪಂಚಾಯತಿಯನ್ನು ಪಕ್ಷರಹಿತಗೊಳಿಸಿತು, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳಿಗೆ ಪಕ್ಷದ ಚಿಹ್ನೆಯನ್ನು ಉಳಿಸಿತು.

ಅಂದಿನಿಂದ ಗ್ರಾಮ ಪಂಚಾಯತಿಯ ಅಭ್ಯರ್ಥಿಗೆ ಸಿಗುವುದು ಆಟೋರಿಕ್ಷಾ, ಹೊಲಿಗೆ ಯಂತ್ರದಂಥ ಮುಕ್ತ ಚಿಹ್ನೆ; ಆದರೆ ಎಣಿಕೆ ಮುಗಿದ ಸಂಜೆಗೇ ಇಂತಿಷ್ಟು ಸ್ಥಾನ ಜೆಡಿಎಸ್ ಬೆಂಬಲಿತರಿಗೆ, ಇಂತಿಷ್ಟು ಕಾಂಗ್ರೆಸ್ ಬೆಂಬಲಿತರಿಗೆ ಎಂದು ಲೆಕ್ಕ ಕೊಡದ ಪತ್ರಿಕೆಯಿಲ್ಲ. ಸರಿಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಿರುವ, ಅಭ್ಯರ್ಥಿಯೂ ಮತದಾರರೂ ಒಂದೇ ಕೊಳಾಯಿಯ ನೀರು ಹಿಡಿಯುವ ಕ್ಷೇತ್ರದಲ್ಲಿ ಯಾರು ಯಾರ ಕಡೆ ಎಂಬುದು ಗುಟ್ಟಾಗಿ ಉಳಿಯುವಂಥದ್ದಲ್ಲ. ಹಾಗಾಗಿ ಈ ನಿಯಮ ಮರೆಮಾಡಿದ್ದು ಪಕ್ಷವನ್ನಲ್ಲ, ಪಕ್ಷದ ಹೊಣೆಗಾರಿಕೆಯನ್ನು. ಮೆಹ್ತಾ ಸಮಿತಿಯ ವಾದವೇ ಇಲ್ಲಿ ಹೆಚ್ಚು ಗಟ್ಟಿ.

ಪಕ್ಷರಹಿತ ಆದರ್ಶದ ಇನ್ನೊಂದು ಮುಖ ಅವಿರೋಧ ಆಯ್ಕೆ. ಊರಿನ ಹಿರಿಯರು ಕೂತು ಮಾತನಾಡಿ ಒಬ್ಬರನ್ನೇ ನಿಲ್ಲಿಸಿದರೆ ಜಗಳ ತಪ್ಪುತ್ತದೆ, ಖರ್ಚು ಉಳಿಯುತ್ತದೆ ಎಂಬ ಮೆಚ್ಚುಗೆ ಹಳೆಯದು. ಕೂತು ಮಾತನಾಡುವವರಲ್ಲಿ ಕೇರಿಯ ಹೆಂಗಸರೂ ಕೂಲಿಯವರೂ ಎಷ್ಟು ಮಂದಿ ಇರುತ್ತಾರೆಂದು ಆ ಮೆಚ್ಚುಗೆ ಕೇಳುವುದಿಲ್ಲ. 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ನಡೆದ ಗ್ರಾಮ ಪಂಚಾಯತಿ ಚುನಾವಣೆಗೆ ಮುನ್ನ ರಾಜ್ಯದ ಕೆಲವು ಕಡೆ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಬಂದು, ರಾಜ್ಯ ಚುನಾವಣಾ ಆಯೋಗ ಕ್ರಮದ ಎಚ್ಚರಿಕೆ ಕೊಡಬೇಕಾಯಿತು. ಕೂಗಿದ ಹಣ ಬಹುಪಾಲು ದೇವಸ್ಥಾನದ ಜೀರ್ಣೋದ್ಧಾರಕ್ಕೋ ಊರ ಕೆಲಸಕ್ಕೋ ಸಲ್ಲುವ ಕಾರಣ ಕೊಟ್ಟವರಾಗಲಿ ಪಡೆದವರಾಗಲಿ ಅದನ್ನು ಲಂಚವೆಂದು ಎಣಿಸುವುದಿಲ್ಲ. ಒಬ್ಬ ಮತದಾರನಿಗೆ ಐನೂರು ರೂಪಾಯಿ ಕೊಟ್ಟವನನ್ನು ಹಿಡಿಯಲು ಕಾನೂನಿದೆ. ಇಡೀ ಊರಿಗೆ ಒಟ್ಟಾಗಿ ಕೊಟ್ಟಾಗ ಸಾಕ್ಷಿ ಹೇಳಬೇಕಾದವರೆಲ್ಲ ಫಲಾನುಭವಿಗಳು, ಕಣದಲ್ಲಿ ಉಳಿದ ಒಂದೇ ನಾಮಪತ್ರವನ್ನು ಮುಂದಿಟ್ಟುಕೊಂಡ ಚುನಾವಣಾಧಿಕಾರಿಗೆ ಅವಿರೋಧ ಆಯ್ಕೆ ಎಂದು ಘೋಷಿಸುವುದೊಂದೇ ಉಳಿದ ಕೆಲಸ.