ಕೋಡಂಗಿಯ ಪಾಠಶಾಲೆ

ಬಯಲಾಟಕ್ಕೆ ಹೋಗುವಾಗ ತಾವು ಮನೆಯಲ್ಲಿ ಊಟ ಮುಗಿಸಿ, ಪ್ರಸಂಗ ಆರಂಭವಾಗುವ ಹೊತ್ತಿಗೆ ಸರಿಯಾಗಿ ರಂಗಸ್ಥಳದ ಮುಂದೆ ಚಾಪೆ ಹಾಸುವವರೇ ಆಗಿದ್ದರೆ, ಒಂದು ಪಾಠಶಾಲೆಯನ್ನು ನೋಡದೆ ಉಳಿದಿರಿ.

ಸುಳ್ಯದಿಂದ ಮಡಿಕೇರಿಗೆ ಏರುವ ದಾರಿಯಲ್ಲಿ, ಘಟ್ಟದ ಬುಡದಲ್ಲಿ ಸಂಪಾಜೆ ಇದೆ. 1956ರ ನವೆಂಬರ್ 1ರವರೆಗೆ ಇತ್ತಣ ಸಂಪಾಜೆ ಮದ್ರಾಸು ರಾಜ್ಯಕ್ಕೂ ಅತ್ತಣ ಸಂಪಾಜೆ ಕೊಡಗು ರಾಜ್ಯಕ್ಕೂ ಸೇರಿತ್ತು. ಚೆಂಡೆಯ ಸದ್ದಿಗೆ ಮಾತ್ರ ಆ ಗಡಿ ತಿಳಿದಿರಲಿಲ್ಲ. ಕಟೀಲು ಮೇಳದಲ್ಲಿ ಬಹುಕಾಲ ವೇಷ ಮಾಡಿ ಹೆಸರು ಪಡೆದ ಸಂಪಾಜೆ ಶೀನಪ್ಪ ರೈಗಳು ಈ ಊರಿನವರು. ಇಂಥ ಊರುಗಳ ಹುಡುಗರು ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಶಾಲೆ ಬಿಟ್ಟು ಮೇಳ ಸೇರುತ್ತಿದ್ದರು. ಮಳೆಗಾಲದಲ್ಲಿ ಗುರುವಿನ ಮನೆಯಲ್ಲಿ ತಾಳ, ಹೆಜ್ಜೆ. ದೀಪಾವಳಿ ಕಳೆದು ಗೆಜ್ಜೆ ಕಟ್ಟಿದರೆ ಪತ್ತನಾಜೆಯವರೆಗೆ ಊರೂರು ತಿರುಗಾಟ.

ಹುಡುಗನಿಗೆ ಮೊದಲು ಸಿಗುತ್ತಿದ್ದುದು ಕೋಡಂಗಿ ವೇಷ. ಆಟದ ಮೊದಲ ಭಾಗವಾದ ಪೂರ್ವರಂಗದಲ್ಲಿ ಕೋಡಂಗಿಯಾದ ಮೇಲೆ ಬಾಲಗೋಪಾಲ, ಷಣ್ಮುಖ, ಅರ್ಧನಾರೀಶ್ವರ, ಮುಖ್ಯ ಸ್ತ್ರೀವೇಷ ಮೊದಲಾದವು ಬರುತ್ತಿದ್ದವು. ಅದಕ್ಕೆಲ್ಲ ಆಧಾರ 'ಸಭಾಲಕ್ಷಣ'ವೆಂಬ ಪುಸ್ತಕ. ಹಾಡುವವನು ಕೂಡ ಮುಖ್ಯ ಭಾಗವತನಲ್ಲ, ಸಂಗೀತಗಾರನೆಂಬ ಕಿರಿಯ. ಮೇಳದ ಹಿರಿಯರು ಆಗಿನ್ನೂ ಚೌಕಿಯಲ್ಲಿ ಬಣ್ಣಕ್ಕೆ ಕುಳಿತಿರುವರು. ಇತ್ತ ಎಳೆಯರು ತಪ್ಪಿ, ತಿದ್ದಿಕೊಂಡು, ಮತ್ತೆ ತಪ್ಪುತ್ತ ಕುಣಿಯುವರು. ತಪ್ಪಿದರೆ ನಗುವವರೂ ಹೆಚ್ಚಿಲ್ಲ. ನಾವಿನ್ನೂ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆವಲ್ಲ!

ತನ್ನ ವೇಷ ಕಳಚಿದೊಡನೆ ನಿದ್ದೆ ಮಾಡಿದವನು ಕಲಿಯಲಿಲ್ಲ. ಎಚ್ಚರವಿದ್ದವನು ರಂಗದ ಬದಿಯಲ್ಲಿ ನಿಂತು, ಒಂದೇ ಪದ್ಯಕ್ಕೆ ಹಿರಿಯ ವೇಷಧಾರಿ ನಿನ್ನೆ ಹೇಳಿದ ಅರ್ಥವೇನು, ಇಂದು ಹೇಳಿದ್ದೇನು ಎಂದು ಕಿವಿಗೊಟ್ಟು ಕೇಳಿದನು. ಬರೆದಿಟ್ಟ ಸಂಭಾಷಣೆ ಇಲ್ಲದ ಈ ಕಲೆಯಲ್ಲಿ ಮಾತು ಕಲಿಯಲು ಬೇರೆ ದಾರಿ ಇರಲಿಲ್ಲ. ಆ ಬದುಕು ಸುಖದ್ದೆಂದು ನಾನು ಹೇಳಲಾರೆ. ನಿದ್ದೆಗೆಟ್ಟ ಕಣ್ಣು, ಗಂಟುಮೂಟೆ ಹೊತ್ತ ನಡಿಗೆ, ಅರ್ಧಕ್ಕೆ ನಿಂತ ಅಕ್ಷರಾಭ್ಯಾಸ. ಮೀಸೆ ಚಿಗುರಿ ದನಿ ಒಡೆದಾಗ ಸ್ತ್ರೀವೇಷದವನಿಗೆ ಮುಂದೇನೆಂಬ ಚಿಂತೆ ಬೇರೆ.

1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಆ ದಶಕದಲ್ಲೇ ಧರ್ಮಸ್ಥಳದಲ್ಲೂ ಕೇಂದ್ರವೊಂದು ನಡೆಯಿತು. ಹುಡುಗರಿಗೆ ಕ್ರಮವಾದ ಪಾಠ ದೊರೆಯಿತು. ಈಗಂತೂ ಹೆಣ್ಣುಮಕ್ಕಳೂ ಗೆಜ್ಜೆ ಕಟ್ಟಿ ಧಿಗಿಣ ಹಾಕುತ್ತಾರೆ. ಇದು ಸಂತೋಷವೇ. ಆದರೆ ಇದೇ ಕಾಲದಲ್ಲಿ ರಾತ್ರಿ ಗಿಡ್ಡವಾಯಿತು. ಕಾಲಮಿತಿಯ ಆಟಗಳು ಬಂದಾಗ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ನೋಡುವವರಿಲ್ಲದ ಭಾಗ ಏಕೆಂದು ಕೇಳಿದವರ ಲೆಕ್ಕ ತಪ್ಪಲ್ಲ. ನೋಡುವವರಿಲ್ಲದ್ದರಿಂದಲೇ ಅಲ್ಲಿ ಕಲಿಯಲು ಸಾಧ್ಯವಾಗುತ್ತಿತ್ತೆಂಬುದು ಆ ಲೆಕ್ಕದಲ್ಲಿ ಸೇರಲಿಲ್ಲ. ತರಗತಿಯಲ್ಲಿ ಚೆನ್ನಾಗಿ ಕಲಿತ ಹುಡುಗ ಇಂದು ನೇರವಾಗಿ ತುಂಬಿದ ಸಭೆಯ ಮುಂದೆ ಅಭಿಮನ್ಯುವಾಗಿ ನಿಲ್ಲುತ್ತಾನೆ.

ತಮ್ಮೂರಿಗೆ ಮೇಳ ಬಂದಾಗ ಒಮ್ಮೆ ಬೇಗನೆ ಹೋಗಿ ಕುಳಿತುಕೊಳ್ಳಿ. ಕೋಡಂಗಿ ಬಂದರೆ, ಅವನ ಹೆಸರು ಕೇಳಿಕೊಂಡು ಬನ್ನಿ.