ಕೆರೆಯ ಅಂಚು ಎಲ್ಲಿಗೆ?

ನಾನು ಕನ್ನಡ ಪಂಡಿತ. ಕಾನೂನನ್ನಾಗಲಿ ಅರ್ಥಶಾಸ್ತ್ರವನ್ನಾಗಲಿ ಕ್ರಮವಾಗಿ ಓದಿದವನಲ್ಲ. ಬೆಂಗಳೂರಿನ ಪೂರ್ವದ ಅಂಚಿನಲ್ಲಿ, ವರ್ತೂರು ವೈಟ್‌ಫೀಲ್ಡುಗಳ ಕಡೆಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೈದು ವರ್ಷಗಳಿಂದ ಸಂಧಿ ಸಮಾಸಗಳನ್ನು ಹೇಳಿಕೊಡುತ್ತ ಬಂದವನು. ಅಂಥವನು ಕೆರೆಗಳ ವಿಷಯವಾಗಿ ಮಾತನಾಡ ಹೊರಟದ್ದೇಕೆಂದು ವಾಚಕರು ಕೇಳಬಹುದು. ಕಾರಣ ಇಷ್ಟೆ. ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ‘ಕೋಡಿ ಬೀಳು’ ಎಂಬ ನುಡಿಗಟ್ಟಿಗೆ ಅರ್ಥ ಬರೆಸುತ್ತಿದ್ದೆ. ಮಳೆಗಾಲದಲ್ಲಿ ಕೆರೆ ತುಂಬಿ ಹೆಚ್ಚಾದ ನೀರು ಹೊರಕ್ಕೆ ಹರಿಯುವುದು, ಊರಿಗೆ ಮಂಗಳಸೂಚಕ, ಹೆಂಗಸರು ಗಂಗಮ್ಮನಿಗೆ ಬಾಗಿನ ಬಿಡುತ್ತಿದ್ದರು ಎಂದೆಲ್ಲ ವಿವರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ನಮ್ಮೂರ ಕೆರೆ ಬೇಸಿಗೇಲೂ ಕೋಡಿ ಬೀಳುತ್ತೆ. ಆಗ ಮೂಗು ಮುಚ್ಕೊಂಡು ಓಡ್ಬೇಕು” ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಸಂಜೆ ಮನೆಗೆ ಹೋಗುವಾಗ ಆ ಮಾತು ಹಿಂದೆಯೇ ಬಂತು. ಹುಡುಗ ಹೇಳಿದ್ದು ಸತ್ಯ. ಮಳೆಯನ್ನು ಕಾಯದೆ ವರ್ಷದ ಮುನ್ನೂರ ಅರುವತ್ತೈದು ದಿನವೂ ಕೋಡಿ ಹರಿಯುತ್ತಿದೆಯೆಂದರೆ ಹರಿಯುತ್ತಿರುವುದು ಮಳೆಯ ನೀರಲ್ಲ.

ಈ ನಾಡಿನಲ್ಲಿ ಕೆರೆ ದೇವರು ಕೊಟ್ಟದ್ದಲ್ಲ, ಮನುಷ್ಯರು ಕಟ್ಟಿದ್ದು ಎಂಬುದನ್ನು ಮೊದಲು ನೆನೆಯಬೇಕು. ಬೆಂಗಳೂರಿನ ಹತ್ತಿರ ದೊಡ್ಡ ನದಿಯಿಲ್ಲ. ನೆಲವೋ ದಿಣ್ಣೆ ತಗ್ಗುಗಳಿಂದ ಕೂಡಿದ್ದು. ಆದಕಾರಣ ನಮ್ಮ ಹಿಂದಿನವರು ತಗ್ಗಿಗೆ ಅಡ್ಡಲಾಗಿ ಏರಿ ಹಾಕಿ, ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಬೀಳುವಂತೆ ಸಾಲುಸಾಲಾಗಿ ಕೆರೆಗಳನ್ನು ಕಟ್ಟಿದರು. ಅಗರದ ಕೆರೆ ತುಂಬಿದರೆ ಬೆಳ್ಳಂದೂರಿಗೆ, ಬೆಳ್ಳಂದೂರು ತುಂಬಿದರೆ ವರ್ತೂರಿಗೆ, ವರ್ತೂರು ತುಂಬಿದರೆ ದಕ್ಷಿಣ ಪಿನಾಕಿನಿಗೆ. ಇವನ್ನು ಕೂಡಿಸುವ ಕಾಲುವೆಗಳೇ ರಾಜಕಾಲುವೆಗಳು. ಒಂಬತ್ತನೆಯ ಶತಮಾನದ ಗಂಗರ ಕಾಲದ ಶಾಸನವೊಂದು ಅಗರದಲ್ಲಿಯೇ ದೊರೆತಿದ್ದು, ಕೆರೆಗಳಿಗೆ ತೂಬಿಡಿಸಿ ಹೊಸ ಕೆರೆ ಕಟ್ಟಿಸಿದವನಿಗೆ ‘ಬಿತ್ತುವಟ್ಟ’ ಬಿಟ್ಟುಕೊಟ್ಟುದನ್ನು ಹೇಳುತ್ತದೆ. ಬಿತ್ತುವಟ್ಟವೆಂದರೆ ಕೆರೆ ಕಟ್ಟಿದವನಿಗೆ ಆ ಕೆರೆಯ ಕೆಳಗಣ ಭೂಮಿಯಲ್ಲಿ ಸಲ್ಲುವ ಮರ್ಯಾದೆ. ಸಾರ್ವಜನಿಕ ಕಾರ್ಯ ಮಾಡಿದವನಿಗೆ ಅದರ ಫಲದಲ್ಲಿ ಪಾಲು! ಈ ಒಂದು ಪದದಲ್ಲಿ ಎಷ್ಟು ಆಡಳಿತಜ್ಞಾನ ಅಡಗಿದೆಯೆಂದು ನನಗೆ ಪ್ರತಿ ಸಾರಿಯೂ ಆಶ್ಚರ್ಯ.

ಎಲೆಕ್ಟ್ರಾನಿಕ್ ಸಿಟಿಯ ರಸ್ತೆ ಹಿಡಿದು ಹೋಗುವವರು ಊರ ಹೆಸರುಗಳನ್ನು ಸ್ವಲ್ಪ ಗಮನವಿಟ್ಟು ಓದಬೇಕು. ಸಿಂಗಸಂದ್ರ, ಹೊಂಗಸಂದ್ರ; ಇತ್ತ ಕೋರಮಂಗಲದ ಬಳಿ ಜಕ್ಕಸಂದ್ರ. ‘ಸಂದ್ರ’ವೆಂಬುದು ‘ಸಮುದ್ರ’ ಶಬ್ದದ ಸವೆದ ರೂಪ. ದೊಡ್ಡ ಕೆರೆಯನ್ನು ನಮ್ಮವರು ಸಮುದ್ರವೆಂದೇ ಕರೆದರು. ಇಂದು ಈ ಊರುಗಳ ಬಸ್ ನಿಲ್ದಾಣದ ಫಲಕದಲ್ಲಿ ಸಮುದ್ರ ಉಳಿದಿದೆ. ಇರಲಿ, ಪಂಡಿತನ ಚಾಳಿ, ವಿಷಯಕ್ಕೆ ಬರುತ್ತೇನೆ.

ಊರು ಬೆಳೆದಂತೆ ನಗರದೊಳಗಿನ ಕೆರೆಗಳು ಒಂದೊಂದಾಗಿ ಮಾಯವಾದುವು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ನಲ್ಲಿಯ ನೀರು ಮನೆಗೆ ಬಂದ ಮೇಲೆ ಕೆರೆಯ ನೀರು ಯಾರಿಗೆ ಬೇಕು? ನೀರುಗಂಟಿಯ ಕೆಲಸ ಹೋಯಿತು, ಅಚ್ಚುಕಟ್ಟು ಬಡಾವಣೆಯಾಯಿತು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ, ಆರ್. ಕೆ. ಬಾಳಿಗರ ಮುಂದಾಳುತನದಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಪೀಣ್ಯದಲ್ಲಿ ಕಾರ್ಖಾನೆಗಳೆದ್ದುವು. ತೊಂಬತ್ತರ ದಶಕದಲ್ಲಿ ವೈಟ್‌ಫೀಲ್ಡಿನ ಸರದಿ. ಇದರಿಂದ ನಾಡಿಗೆ ಅನ್ನ ಬಂದಿತೆಂಬುದನ್ನು ಅಲ್ಲಗಳೆಯುವಷ್ಟು ಕೃತಘ್ನ ನಾನಲ್ಲ. ನನ್ನ ಶಿಷ್ಯರೇ ಎಷ್ಟೋ ಮಂದಿ ಆ ಗಾಜಿನ ಕಟ್ಟಡಗಳಲ್ಲಿ ದುಡಿಯುತ್ತಿದ್ದಾರೆ. ಆದರೆ ಕಟ್ಟಡ ಎದ್ದಷ್ಟು ಬೇಗನೆ ಒಳಚರಂಡಿ ಬರಲಿಲ್ಲ. ಕೊಳಚೆ ತನಗೆ ತೋರಿದ ಇಳಿಜಾರು ಹಿಡಿಯಿತು. ಇಳಿಜಾರನ್ನು ಹಿಂದಿನವರು ಕೆರೆಯ ಕಡೆಗೇ ತಿದ್ದಿಟ್ಟಿದ್ದರಷ್ಟೆ.

ಸರಕಾರ ಈ ಕಡೆ ಮೊದಲು ಕಣ್ಣು ತೆರೆದದ್ದು 1985ರಲ್ಲಿ, ನಿವೃತ್ತ ಅಧಿಕಾರಿ ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದಾಗ. ಕೆರೆಗಳನ್ನು ಒಡೆಯಬಾರದು, ಕೊಳಚೆಯನ್ನು ಬೇರೆಡೆಗೆ ತಿರುಗಿಸಬೇಕು, ಒತ್ತುವರಿ ತೆಗೆಯಬೇಕು, ದಂಡೆಯಲ್ಲಿ ಮರ ಬೆಳೆಸಬೇಕು ಎಂಬುದು ಅದರ ಸಲಹೆಗಳ ತಿರುಳು. 1988ರಲ್ಲಿ ಸರಕಾರ ಅವನ್ನು ಒಪ್ಪಿ ಆಜ್ಞೆ ಹೊರಡಿಸಿತು. ಆಜ್ಞೆ ಕಡತದಲ್ಲಿ ಕ್ಷೇಮವಾಗಿ ಉಳಿಯಿತು. ಬಳಿಕ 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಸ್ಥಾಪನೆಯಾಯಿತು. ಹಣವಿಲ್ಲದ ಪ್ರಾಧಿಕಾರಕ್ಕೆ ಹೊಳೆದ ಉಪಾಯವೆಂದರೆ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡುವುದು. ಹೆಬ್ಬಾಳ, ನಾಗವಾರ, ಅಗರ, ವೆಂಗಯ್ಯನ ಕೆರೆಗಳು ಹಾಗೆ ಹೋದುವು. ನಾಗವಾರದ ಕೆರೆಗೆ ಪ್ರವೇಶಶುಲ್ಕ ಬಂತು. ಮೊದಲು ಎಮ್ಮೆ ಮೈತೊಳೆಯಲು ಬರುತ್ತಿದ್ದ ನೀರಿಗೆ ಟಿಕೆಟ್ಟು!

ಇಲ್ಲಿಂದ ಮುಂದೆ ಪರಿಸರ ಸಂಘಗಳ ಚರಿತ್ರೆ ಆರಂಭವಾಗುತ್ತದೆ. 2008ರಲ್ಲಿ ಎನ್‌ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ, ಲಿಯೋ ಸಲ್ಡಾನಾ ಅವರೊಡಗೂಡಿ, ಈ ಗುತ್ತಿಗೆಯನ್ನು ಪ್ರಶ್ನಿಸಿ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ಕೆರೆ ಸರಕಾರದ ಆಸ್ತಿಯಲ್ಲ, ಸರಕಾರ ಅದರ ಕಾವಲುಗಾರ ಮಾತ್ರ ಎಂಬುದು ಅವರ ವಾದ. ಬಿತ್ತುವಟ್ಟ ಓದಿದವನಿಗೆ ಇದು ಹೊಸ ವಾದವೆಂದು ತೋರುವುದಿಲ್ಲ. ನ್ಯಾಯಾಲಯ ಹೊಸ ಗುತ್ತಿಗೆಗಳನ್ನು ತಡೆದು, 2010ರಲ್ಲಿ ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 2012ರ ಏಪ್ರಿಲಿನಲ್ಲಿ ಅಂತಿಮ ತೀರ್ಪು ಬಂದು, ಕೆರೆ ಕಾಲುವೆಗಳ ರಕ್ಷಣೆಗೆ ಜಿಲ್ಲೆಗೊಂದು ಸಮಿತಿಯಾಗಬೇಕೆಂದು ವಿಧಿಸಿತು. 2014ರಲ್ಲಿ ವಿಧಾನಮಂಡಲ ಕೆರೆ ಸಂರಕ್ಷಣೆಗಾಗಿಯೇ ಒಂದು ಕಾಯಿದೆಯನ್ನು ಮಾಡಿತು. ನಾಲ್ಕಾರು ಜನ ಬರೆದ ಅರ್ಜಿಯಿಂದ ಹೊರಟ ಮಾತು ಆರು ವರ್ಷಗಳಲ್ಲಿ ಶಾಸನವಾದದ್ದು ಸಣ್ಣ ಸಂಗತಿಯಲ್ಲ.

ಆದರೆ ಕಾಯಿದೆ ಹುಟ್ಟಿದ ಮರುವರ್ಷವೇ ಕೆರೆ ತನ್ನ ಅರ್ಜಿಯನ್ನು ತಾನೇ ಸಲ್ಲಿಸಿತು. 2015ರ ಬೇಸಗೆಯಲ್ಲಿ ಬೆಳ್ಳಂದೂರು ವರ್ತೂರು ಕೋಡಿಗಳಲ್ಲಿ ಆಳೆತ್ತರದ ಬಿಳಿಯ ನೊರೆ ಎದ್ದಿತು. ಬಟ್ಟೆ ಪಾತ್ರೆ ತೊಳೆಯುವ ಮಾರ್ಜಕಗಳ ಅಂಶ ಕೊಳಚೆಯೊಡನೆ ಕೆರೆಗೆ ಸೇರಿ, ಕೋಡಿಯಿಂದ ಧುಮ್ಮಿಕ್ಕುವಾಗ ಮೊಸರು ಕಡೆದಂತೆ ಕಡೆದು ನೊರೆಯಾಗುತ್ತದೆ. ಗಾಳಿ ಬೀಸಿದರೆ ಅದು ರಸ್ತೆಗೆ ಹಾರುತ್ತಿತ್ತು. ನಮ್ಮ ಶಾಲೆಯ ಮಕ್ಕಳು ಮೊದಮೊದಲು ಅದರೊಳಗೆ ಕೈಯಾಡಿಸಿ ನಲಿದರು. ಆಮೇಲೆ ಚರ್ಮ ತುರಿಸತೊಡಗಿದಾಗ ನಿಲ್ಲಿಸಿದರು. ನಾನು ಕೊಡೆ ಬಿಚ್ಚಿಕೊಂಡು ಕೋಡಿ ದಾಟಿದ್ದುಂಟು, ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲದ ಮಧ್ಯಾಹ್ನ. ಅದೇ ವರ್ಷ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿತು. ನೀರಿಗೆ ಬೆಂಕಿ! 2017ರ ಫೆಬ್ರುವರಿಯಲ್ಲಿ ಮತ್ತೆ, 2018ರ ಜನವರಿ 19ರಂದು ಮತ್ತೂ ದೊಡ್ಡದಾಗಿ. ಕಡೆಯ ಸಲ ಪಕ್ಕದ ದಂಡಿನ ಸೈನಿಕರೇ ಸಾವಿರಗಟ್ಟಲೆ ಇಳಿದು ಆರಿಸಬೇಕಾಯಿತು. ಸಮುದ್ರದ ತಳದಲ್ಲಿ ಬಡಬಾಗ್ನಿಯಿದೆಯೆಂದು ಕವಿಗಳು ಹೇಳುವುದನ್ನು ಅಲಂಕಾರವೆಂದೇ ಪಾಠ ಮಾಡಿದ್ದೆ.

ದೂರದ ದೇಶಗಳ ಪತ್ರಿಕೆಗಳಲ್ಲಿ ಚಿತ್ರ ಬಂದ ಮೇಲೆ ಅಧಿಕಾರಿಗಳಿಗೂ ನಿದ್ರೆ ಕೆಟ್ಟಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡು, ಬೆಳ್ಳಂದೂರಿನ ಸುತ್ತಣ ಕೈಗಾರಿಕೆಗಳನ್ನು ಮುಚ್ಚಿಸಲು ಹೇಳಿತು. 2018ರ ಡಿಸೆಂಬರಿನಲ್ಲಿ ರಾಜ್ಯ ಸರಕಾರಕ್ಕೆ 50 ಕೋಟಿ, ಮಹಾನಗರಪಾಲಿಕೆಗೆ 25 ಕೋಟಿ ರೂಪಾಯಿ ದಂಡ ವಿಧಿಸಿ, ಕೆರೆಯ ಕೆಲಸಕ್ಕೆಂದು 500 ಕೋಟಿ ರೂಪಾಯಿ ತೆಗೆದಿರಿಸಬೇಕೆಂದು ಆಜ್ಞಾಪಿಸಿ, ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಮೇಲ್ವಿಚಾರಣೆಯಲ್ಲಿ ಸಮಿತಿ ರಚಿಸಿತು. ಆ ಮೇಲೆ ಅಭಿವೃದ್ಧಿ ಪ್ರಾಧಿಕಾರ ಎರಡೂ ಕೆರೆಗಳ ನೀರು ಹೊರಡಿಸಿ ಹೂಳೆತ್ತತೊಡಗಿತು.

ಈ ಮಧ್ಯೆ ನಡೆದ ಇನ್ನೊಂದು ವ್ಯಾಜ್ಯವೇ ನನ್ನ ಪ್ರಬಂಧದ ತಲೆಬರೆಹಕ್ಕೆ ಕಾರಣ. ಅಗರ ಬೆಳ್ಳಂದೂರು ಕೆರೆಗಳ ನಡುವಣ ಜೌಗು ನೆಲದಲ್ಲಿ ಎರಡು ದೊಡ್ಡ ಕಟ್ಟಡ ಯೋಜನೆಗಳು ಎದ್ದಾಗ, ಫಾರ್ವರ್ಡ್ ಫೌಂಡೇಶನ್ ಮೊದಲಾದ ಸಂಘಗಳು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದುವು. ಕೆರೆಯ ಅಂಚು ಎಲ್ಲಿಗೆ ಮುಗಿಯುತ್ತದೆ? ಪ್ರಶ್ನೆ ಕೇಳಲು ಸುಲಭ. 2007ರ ನಗರ ಯೋಜನೆ ಕೆರೆಯ ಸುತ್ತ 30 ಮೀಟರು ಬಿಡಬೇಕೆಂದಿತ್ತು. 2016ರ ಮೇ 4ರಂದು ನ್ಯಾಯಮಂಡಳಿ ಅದನ್ನು 75 ಮೀಟರಿಗೆ ಏರಿಸಿತು. ರಾಜಕಾಲುವೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ 50, 35, 25 ಮೀಟರು. ಒಂದು ಕಟ್ಟಡದ ಮೇಲಿನ ದೂರು ಇಡೀ ನಗರದ ನಿಯಮವಾಯಿತು. ನಿವೇಶನಗಳ ಬೆಲೆ, ಸಾಲ, ಮನೆ ಕೊಂಡವರ ಉಳಿತಾಯ ಎಲ್ಲವೂ ತೂಗುಯ್ಯಾಲೆಯಲ್ಲಿ ನಿಂತುವು. ಕಟ್ಟಡದವರೂ ಸರಕಾರವೂ ಮೇಲಿನ ನ್ಯಾಯಾಲಯಕ್ಕೆ ಹೋದರು. 2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯ ಈ ಸಾರ್ವತ್ರಿಕ ಆಜ್ಞೆಯನ್ನು ರದ್ದುಮಾಡಿತು. ಶಾಸನಬದ್ಧ ಯೋಜನೆಯನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗಿಲ್ಲವೆಂಬುದು ಅದರ ಆಧಾರ. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯಿರಬಹುದು. ಆದರೆ 75 ಸರಿಯೋ 30 ಸರಿಯೋ ಎಂಬುದು ಅಲ್ಲಿ ತೀರ್ಮಾನವಾಗಲಿಲ್ಲವೆಂಬುದನ್ನು ನಮ್ಮ ಪತ್ರಿಕೆಗಳು ಸ್ಪಷ್ಟವಾಗಿ ಹೇಳಲಿಲ್ಲ. 2025ರಲ್ಲಿ, ಕೆರೆಯ ವಿಸ್ತಾರಕ್ಕೆ ತಕ್ಕಂತೆ ಅಂತರವನ್ನು ಕಡಮೆ ಮಾಡುವ ತಿದ್ದುಪಡಿಯೊಂದು ವಿಧಾನಮಂಡಲದ ಮುಂದೆ ಬಂದಾಗ ಸಂಘಗಳು ಮತ್ತೆ ಎದ್ದು ಕೂತುವು.

ಈ ಸಂಘಗಳ ವಿಷಯದಲ್ಲಿ ನನಗೆ ಗೌರವವಿದೆ. ಒಂದೆರಡು ಆಕ್ಷೇಪಗಳೂ ಇವೆ. ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆಯನ್ನು 2009ರಿಂದ ಊರಿನವರೂ ಹೊಸ ನಿವಾಸಿಗಳೂ ಪಾಲಿಕೆಯೂ ಕೂಡಿ ಬದುಕಿಸಿದ ಬಗೆ ನಿಜಕ್ಕೂ ಮಾದರಿ; ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರಂಥವರ ತಿಳಿವಳಿಕೆಯೂ ಅದಕ್ಕೆ ಒದಗಿತು. ಆದರೆ ಎಲ್ಲ ಕಡೆಯೂ ಹಾಗಾಗಲಿಲ್ಲ. ಬಹಳಷ್ಟು ಕಡೆ ‘ಕೆರೆ ಉಳಿಸು’ ಎಂದರೆ ಸುತ್ತ ಬೇಲಿ, ನಡೆಯಲು ದಾರಿ, ಕೂರಲು ಕಲ್ಲುಬೆಂಚು. ದನದ ಮೇವಿಗೆ ಹುಲ್ಲು ಕೊಯ್ಯುತ್ತಿದ್ದ ಹೆಂಗಸಿಗೆ, ಬಟ್ಟೆ ಒಗೆಯುತ್ತಿದ್ದ ಮಡಿವಾಳನಿಗೆ, ಮೀನು ಹಿಡಿಯುತ್ತಿದ್ದವನಿಗೆ ಬೆಳಗ್ಗೆ ಐದರಿಂದ ಒಂಬತ್ತರವರೆಗೆ ಮಾತ್ರ ತೆರೆಯುವ ಗೇಟಿನಿಂದ ಏನು ಪ್ರಯೋಜನ? ಅರ್ಜಿಗಳೆಲ್ಲ ಇಂಗ್ಲಿಷಿನಲ್ಲಿ, ಸಭೆಗಳೂ ಇಂಗ್ಲಿಷಿನಲ್ಲಿ. ಒಮ್ಮೆ ಅಂಥ ಸಭೆಯೊಂದಕ್ಕೆ ಹೋಗಿದ್ದಾಗ, ಊರಿನ ಹಿರಿಯರೊಬ್ಬರು ಹಳೆಯ ತೂಬು ಎಲ್ಲಿತ್ತೆಂದು ಹೇಳಲು ಎದ್ದರು. ‘ತೂಬು’ ಎಂದರೆ ಏನೆಂದು ಕೇಳಿದವರಿಗೆ ತಿಳಿಸುವಷ್ಟರಲ್ಲಿ ಹೊತ್ತು ಮುಗಿಯಿತು. ಪೀಣ್ಯದ ಕಡೆ ನೆಲದಡಿಯ ನೀರಿಗೆ ಕ್ರೋಮಿಯಂ ವಿಷ ಸೇರಿರುವುದು ಎಷ್ಟೋ ಪರೀಕ್ಷೆಗಳಲ್ಲಿ ಕಂಡಿದೆ. ಅಲ್ಲಿಗೆ ಇಷ್ಟು ಸಂಘಗಳು ಧಾವಿಸಲಿಲ್ಲ. ಕೂಲಿಕಾರರ ಬಡಾವಣೆಯಲ್ಲಿ ನೊರೆ ಏಳುವುದಿಲ್ಲ, ವಿಷ ಕಣ್ಣಿಗೆ ಕಾಣುವುದಿಲ್ಲ.

ಕೊಳಚೆಯ ಇನ್ನೊಂದು ಕತೆ ಕೋಲಾರದ್ದು. 2018ರಲ್ಲಿ ಕೋರಮಂಗಲ ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರನ್ನು ಕೋಲಾರದ ಬರಡು ಕೆರೆಗಳಿಗೆ ಹರಿಸುವ ಯೋಜನೆ ಆರಂಭವಾಯಿತು. ಅಂತರ್ಜಲವೇರಿ ರೈತರಿಗೆ ಅನುಕೂಲವಾದುದು ಸುಳ್ಳಲ್ಲ. ಆದರೆ ಮೊದಲ ಕೆಲವು ವಾರಗಳಲ್ಲಿಯೇ ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಕಂಡು, ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿಯವರು ನ್ಯಾಯಾಲಯಕ್ಕೆ ಹೋದರು. ಮೂರನೆಯ ಹಂತದ ಶುದ್ಧೀಕರಣವಾಗದೆ ನೀರು ಬಿಡಬಾರದೆಂಬುದು ಅವರ ಪಟ್ಟು. ಅವರದು ಇಂಗ್ಲಿಷು ಬಲ್ಲವರ ಸಂಘವಲ್ಲ, ರೈತರ ಸಂಘ.

ಪರಿಸರ ಬೇರೆ, ಆರ್ಥಿಕತೆ ಬೇರೆ ಎಂದು ತಿಳಿದಿದ್ದವರಿಗೆ 2022ರ ಮಳೆ ಒಳ್ಳೆಯ ಪಾಠ ಹೇಳಿತು. ಆಗಸ್ಟ್ 30ರಂದು ಹೊರವರ್ತುಲ ರಸ್ತೆ ನೀರಿನಲ್ಲಿ ಮುಳುಗಿ, ನೌಕರರು ಗಂಟೆಗಟ್ಟಲೆ ಸಿಕ್ಕಿಬಿದ್ದು, ತಮಗೆ ಒಂದೇ ದಿನದಲ್ಲಿ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಆ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗಳಿಗೆ ಪತ್ರ ಬರೆಯಿತು. ವಾರದೊಳಗೆ ಇನ್ನೂ ದೊಡ್ಡ ಮಳೆ. ಲಕ್ಷಗಟ್ಟಲೆ ಸಂಬಳದವರು ಟ್ರ್ಯಾಕ್ಟರು ಹತ್ತಿ ಕಚೇರಿಗೆ ಹೋದರು. ರಾಜಕಾಲುವೆ ಎಲ್ಲಿತ್ತೋ ಅಲ್ಲೇ ನೀರು ಬಂದಿತ್ತು. ಹತ್ತು ಹದಿನೈದು ವರ್ಷ ಪರಿಸರದವರು ಹೇಳಿದಾಗ ಕೇಳದ ಕಚೇರಿಗಳು ಆ ಪತ್ರವನ್ನು ಓದಿ ಒತ್ತುವರಿ ತೆಗೆಸಲು ಯಂತ್ರ ಕಳುಹಿಸಿದುವು. ಕೆಲವು ವಾರ ಅವು ಗದ್ದಲ ಮಾಡಿದುವು. ಆಮೇಲೆ ನಿಂತುವು.

ಕಳೆದ ವರ್ಷ ಹತ್ತನೆಯ ತರಗತಿಯ ಕೆಲವು ಹುಡುಗರು “ಸಾರ್, ಮೂವತ್ತು ಮೀಟರು ಎಷ್ಟು ದೂರ, ಎಪ್ಪತ್ತೈದು ಎಷ್ಟು ದೂರ, ಅಳೆದು ನೋಡೋಣ” ಎಂದರು. ಆಟದ ಮೈದಾನದ ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ, ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮೂರ ಹತ್ತಿರದ ಒಂದು ಸಣ್ಣ ಕೆರೆಯ ದಡಕ್ಕೆ ಹೋದೆವು. ಒಬ್ಬ ನೀರಿನ ಅಂಚಿನಲ್ಲಿ ಹಗ್ಗದ ತುದಿ ಹಿಡಿದು ನಿಂತ. ಉಳಿದವರು ಗಂಟು ಎಣಿಸುತ್ತ ನಡೆದರು. ಇಪ್ಪತ್ತೆರಡನೆಯ ಗಂಟಿಗೆ ಒಂದು ಕಾಂಪೌಂಡು ಗೋಡೆ ಅಡ್ಡ ಬಂತು. ಕಾವಲಿನವನು ಹೊರಬಂದು ಏನು ಅಳೆಯುತ್ತಿದ್ದೀರೆಂದು ಕೇಳಿದ. “ಕೆರೆ” ಎಂದ ಒಬ್ಬ ಹುಡುಗ. “ಕೆರೆ ಅಲ್ಲೈತೆ, ಇಲ್ಲೇನು ಅಳೀತೀರ?” ಎಂದ ಅವನು. ಹುಡುಗರು ನೋಟ್ ಪುಸ್ತಕದಲ್ಲಿ 22 ಎಂದು ಬರೆದುಕೊಂಡು ಹಗ್ಗ ಸುತ್ತಿಕೊಂಡರು.